ಉದುರಿದ ಗಿಲಾವು ಕಲಿಸಿದ ಪಾಠ: ಸಿಮೆಂಟಿಗೆ ಹೊಟ್ಟಿನ ಬೂದಿ

ಇವತ್ತು ಬೂದಿ ಬಗ್ಗೆ ಮಾತಾಡೋಣ. ನಗಬೇಡಿ, ಈ ಬೂದಿಯಿಂದ ಅಪ್ಪನ ದುಡ್ಡು ಕಳೆದವನು ನಾನು.

ನಮ್ಮೂರು ಗಂಗಾವತಿ ಕಡೆ. ತುಂಗಭದ್ರಾ ಕಾಲುವೆ ನೀರು, ಎಲ್ಲಿ ನೋಡಿದ್ರೂ ಭತ್ತ, ಸಾಲು ಸಾಲು ರೈಸ್ ಮಿಲ್. ಭತ್ತದ ತೂಕದಲ್ಲಿ ಸುಮಾರು ಶೇ 20ರಷ್ಟು ಹೊಟ್ಟೇ ಇರುತ್ತೆ. ಮಿಲ್ಲಿನವರು ಅದನ್ನು ಬಾಯ್ಲರ್‌ಗೆ ಹಾಕಿ ಉರಿಸ್ತಾರೆ. ಉರಿದ ಹೊಟ್ಟಿನಲ್ಲಿ ಐದರಲ್ಲೊಂದು ಪಾಲು ಬೂದಿಯಾಗಿ ಉಳಿಯುತ್ತೆ. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯೆಲ್ಲ ಕರಿ.

ನಾನು ಸಿವಿಲ್ ಡಿಪ್ಲೊಮಾ ಓದ್ತಿದ್ದಾಗ ಅಪ್ಪ ಮನೆ ಕಟ್ಟಿಸ್ತಿದ್ರು. ‘ಸಿಮೆಂಟ್ ಕಡಿಮೆ ಮಾಡಿ ಹೊಟ್ಟಿನ ಬೂದಿ ಸೇರಿಸೋಣ’ ಅಂದೆ. ‘ಮನಿ ಐತಿ ಅದು, ನಿನ್ನ ಲ್ಯಾಬ್ ಅಲ್ಲ’ ಅಂದ್ರು. ಕೊನೆಗೆ ಕಾಂಪೌಂಡ್ ಗೋಡೆಗೆ ಮಾತ್ರ ಒಪ್ಪಿದ್ರು.

ನನ್ನ ಲೆಕ್ಕ ಇಷ್ಟೇ. ಸಿಮೆಂಟಿಗೆ ನೀರು ಬಿದ್ದಾಗ ಗಟ್ಟಿ ಅಂಟಿನ ಜೊತೆ ಒಂದಷ್ಟು ಸುಣ್ಣವೂ ಹುಟ್ಟುತ್ತೆ. ಆ ಸುಣ್ಣದಿಂದ ಗೋಡೆಗೆ ಹೆಚ್ಚು ಬಲ ಇಲ್ಲ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದು ಸುಣ್ಣದ ಜೊತೆ ಸೇರಿ ಮತ್ತಷ್ಟು ಅಂಟು ಮಾಡುತ್ತೆ. ಹಳೇ ಉಪಾಯವೇ ಇದು. ಕೆಆರ್‌ಎಸ್ ಅಣೆಕಟ್ಟಿನ ಸುರ್ಕಿ ಗಾರೆಯಲ್ಲಿ ಸುಣ್ಣದ ಜೊತೆ ಸುಟ್ಟ ಮಣ್ಣಿನ ಪುಡಿ ಇದೇ ಕೆಲಸ ಮಾಡಿದೆ.

ಮಿಲ್ಲಿಂದ ಬೂದಿ ತಂದೆ. ಜರಡಿ ಇಲ್ಲ, ಅಳತೆ ಇಲ್ಲ, ಕಣ್ಣಂದಾಜಲ್ಲಿ ಮೂರರಲ್ಲಿ ಒಂದು ಪಾಲು ಸುರಿದೆ. ಬೂದಿ ನೀರು ಕುಡೀತಾನೇ ಇತ್ತು. ಮಾಲು ಬಿಗಿ ಆಯ್ತು ಅಂತ ಇನ್ನಷ್ಟು ನೀರು ಹೊಯ್ದೆವು. ಎರಡು ವಾರಕ್ಕೆ ಗಿಲಾವು ಬೆರಳಲ್ಲಿ ಕೆರೆದರೆ ಉದುರ್ತಿತ್ತು. ಗೌಂಡಿ ಕಾಕಾ ಒಂದು ಮಾತೂ ಆಡದೆ ಎಲ್ಲ ಕೆತ್ತಿ ಹಾಕಿದ್ರು. ಅಪ್ಪ ಎರಡನೇ ಸಲ ಕೂಲಿ ಕೊಟ್ಟರು.

ತಪ್ಪು ಎಲ್ಲಾಯ್ತು ಅಂತ ಕಾಲೇಜಲ್ಲಿ ಮೇಷ್ಟ್ರು ಬಿಡಿಸಿ ಹೇಳಿದ್ರು. ಹೊಟ್ಟನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ, ಹದವಾಗಿ ಸುಡಬೇಕು. ಶಾಖ ಮೀರಿದರೆ ಸಿಲಿಕಾ ಹರಳುಗಟ್ಟಿ ಸುಣ್ಣದ ಜೊತೆ ಸೇರೋದೇ ಕಷ್ಟ. ಅರ್ಧಂಬರ್ಧ ಸುಟ್ಟರೆ ಕರಿ ಇಂಗಾಲ ಉಳಿಯುತ್ತೆ. ಮಿಲ್ಲಿನವರಿಗೆ ಬೇಕಾಗಿರೋದು ಹಬೆ, ಒಳ್ಳೆ ಬೂದಿ ಅಲ್ಲ. ಸುಟ್ಟ ಮೇಲೆ ನುಣ್ಣಗೆ ಅರೆಯಲೂಬೇಕು.

ಆಮೇಲೆ ಲ್ಯಾಬಲ್ಲಿ ಹಾಗೇ ಮಾಡಿದೆವು. ಹದವಾಗಿ ಸುಟ್ಟು ಅರೆದ ಬೂದಿ, ಸಿಮೆಂಟಿನ ಶೇ 10ರ ಬದಲಿಗೆ. 28ನೇ ದಿನ ಮಷಿನ್‌ನಲ್ಲಿ ಒತ್ತಿದಾಗ ನಮ್ಮ ಕ್ಯೂಬು ಸಾದಾ ಸಿಮೆಂಟಿನ ಕ್ಯೂಬಿಗೆ ಸರಿಸಮ ನಿಂತಿತು.

ಇಷ್ಟೆಲ್ಲ ಯಾಕೆ ಅಂತೀರಾ? ಪ್ರಪಂಚದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನದ್ದೇ. ಗೂಡಿಗೆ ಕಲ್ಲಿದ್ದಲು ಬಿಟ್ಟರೂ ಪೂರ್ತಿ ತಪ್ಪಲ್ಲ. ಸುಣ್ಣದಕಲ್ಲು ಕಾದಾಗ ಅದರೊಳಗಿಂದಲೇ ಆ ಅನಿಲ ಬರುತ್ತೆ. ಹಾಗಾಗಿ ಸಿಮೆಂಟನ್ನೇ ಕಡಿಮೆ ಬಳಸಬೇಕು. ನಮ್ಮ ಕಾಂಕ್ರೀಟ್ ನಿಯಮಾವಳಿ ಐಎಸ್ 456:2000 ಕೂಡ, ಗುಣಮಟ್ಟ ಸರಿಯಿದ್ದು ಅನುಮತಿ ಇದ್ದರೆ ಹೊಟ್ಟಿನ ಬೂದಿ ಬಳಸಬಹುದು ಅನ್ನುತ್ತೆ.

ಇದನ್ನು ಕೇಳಿ ನಾಳೆನೇ ಮನೆ ಸ್ಲ್ಯಾಬಿಗೆ ಬೂದಿ ಸುರಿಯಬೇಡಿ. ಮೊದಲು ಪರೀಕ್ಷೆ, ಆಮೇಲೆ ಗೋಡೆ. ಬೂದಿ ಮುಟ್ಟುವಾಗ ಮುಖಕ್ಕೆ ಮಾಸ್ಕ್ ಇರಲಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ನಮ್ಮ ಕಾಂಪೌಂಡಿನಲ್ಲಿ ಈಗಲೂ ಎರಡು ಬಣ್ಣದ ಗಿಲಾವು ಕಾಣುತ್ತೆ. ಯಾರಾದ್ರೂ ಕೇಳಿದ್ರೆ ಅಪ್ಪ, ‘ನಮ್ಮ ಇಂಜಿನಿಯರ್ ಸಾಹೇಬ್ರು ಓದಿದ್ದು ಇಲ್ಲೇ’ ಅಂತಾರೆ. ಮುಂದಿನ ವಾರ ಸಿಗೋಣ.