ಕೊನೆಯ ಉಪಚಾರ

ಸಾವಿನ ಮಾತನ್ನು ರೇಡಿಯೋದಲ್ಲಿ, ಅದೂ ದೀಪ ಹಚ್ಚುವ ಹೊತ್ತಿನಲ್ಲಿ, ಎತ್ತಬಹುದೆ ಎಂದು ತಾವು ಹುಬ್ಬು ಗಂಟಿಕ್ಕಬಹುದು. ಎತ್ತದೆ ಇರುವುದರಿಂದಲೇ, ಆ ದಿನ ಬಂದಾಗ ನಮಗೆ ಕೈಕಾಲು ಆಡುವುದಿಲ್ಲ. ನನ್ನ ತಂದೆಯವರು ತೀರಿಕೊಂಡ ರಾತ್ರಿ ನಾನು ಜಗುಲಿಯ ಕಂಬ ಹಿಡಿದು ನಿಂತಿದ್ದೆ. ಒಳಗೆ ನೆರೆಮನೆಯ ಅಜ್ಜಿಯೊಬ್ಬರು ಅವರ ರೆಪ್ಪೆ ಮುಚ್ಚಿ, ಗಲ್ಲದಡಿಯಿಂದ ನೆತ್ತಿಗೆ ಬಟ್ಟೆ ಸುತ್ತಿ ಕಟ್ಟಿದರು. ಮಗ ಮಾಡಬೇಕಾದುದನ್ನು ಪರರು ಮಾಡಿದರಲ್ಲಾ ಎಂಬ ಕೊರಗು ಬಹುಕಾಲ ಉಳಿಯಿತು. ತಾಯಿಯವರ ಕಾಲಕ್ಕೆ ನಾನೇ ಹತ್ತಿರ ಕುಳಿತೆ.

ಮೊದಲಿಗೆ ವೈದ್ಯರು ನೋಡಿ ಸಾವನ್ನು ದೃಢಪಡಿಸಿ, ಕಾರಣ ಬರೆದುಕೊಡಲಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಗ ಆ ಕಾಗದ ಬೇಕಾಗುತ್ತದೆ. ಅಪಘಾತವೋ ವಿಷವೋ ಅನುಮಾನವೋ ಇದ್ದಲ್ಲಿ ದೇಹವನ್ನು ತೊಳೆಯಕೂಡದು, ಪೋಲೀಸರಿಗೆ ತಿಳಿಸತಕ್ಕದ್ದು.

ಹಾಗಿಲ್ಲದಿದ್ದರೆ ದೇಹ ನಿಮ್ಮ ಕೈಯಲ್ಲಿದೆ. ಎರಡು ಮೂರು ಗಂಟೆಗಳಲ್ಲಿ ರೆಪ್ಪೆ, ದವಡೆ, ಕುತ್ತಿಗೆ ಬಿಗಿಯತೊಡಗುತ್ತವೆ. ಸುಮಾರು 12 ಗಂಟೆಗಳಲ್ಲಿ ಮೈಯೆಲ್ಲ ಸೆಟೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಹಿರಿಯರು ಕೈಕಾಲು ನೀಡಿಸಿ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುವುದಕ್ಕೂ, ಕುಳ್ಳಿರಿಸಿ ಸಮಾಧಿ ಮಾಡುವ ಲಿಂಗಾಯತ ಮನೆಗಳಲ್ಲಿ ದೇಹವನ್ನು ಬೇಗನೆ ಕುಳ್ಳಿರಿಸುವುದಕ್ಕೂ ಇದು ಹೊಂದಿಬರುತ್ತದೆ. ಕಟ್ಟಿಸಿಕೊಂಡ ಹಲ್ಲಿದ್ದರೆ ಆಗಲೇ ಕೂಡಿಸಿಬಿಡಿ. ಮುಖ ಮೊದಲಿನಂತೆ ಕಾಣುತ್ತದೆ. ಮಗ್ಗುಲಾಗಿಸಿದಾಗ ಎದೆಯ ಗಾಳಿ ಹೊರಟು ನಿಟ್ಟುಸಿರಿನಂಥ ಸದ್ದಾಗಬಹುದು. ನಾನು ಬೆಚ್ಚಿ ಅಮ್ಮಾ ಎಂದು ಕೂಗಿಬಿಟ್ಟೆ. ತಾವು ಬೆಚ್ಚಬೇಕಾಗಿಲ್ಲ.

ಕಣ್ಣು ಕೊಡುವ ಮನಸ್ಸಿದ್ದರೆ ಆರು ಗಂಟೆಗಳೊಳಗೆ ತೆಗೆಯಬೇಕು, ಆದ್ದರಿಂದ ಕೂಡಲೇ ನೇತ್ರಭಂಡಾರಕ್ಕೆ ತಿಳಿಸಿ. ಅವರು ಬರುವವರೆಗೆ ಫ್ಯಾನು ನಿಲ್ಲಿಸಿ, ತಲೆಯಡಿ ದಿಂಬಿಟ್ಟು, ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ. 2006ರಲ್ಲಿ ರಾಜ್‌ಕುಮಾರರ ಕಣ್ಣುಗಳನ್ನೂ, 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳನ್ನೂ ಮನೆಯವರು ದಾನ ಮಾಡಿದುದು ತಮಗೆ ನೆನಪಿರಬಹುದು. ಮುಖ ವಿಕಾರವಾಗುತ್ತದೆಂಬ ಅಂಜಿಕೆ ನಮ್ಮ ಮನೆಯಲ್ಲೂ ಇತ್ತು. ಬಂದವರು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿದರು. ಅಮ್ಮ ನಿದ್ದೆಹೋದಂತೆಯೇ ಇದ್ದರು.

ಆಮೇಲೆ ಸ್ನಾನ. ಮುಟ್ಟಿದರೆ ರೋಗ ಬರುತ್ತದೆಂದು ಕೆಲವರು ದೂರ ನಿಲ್ಲುತ್ತಾರೆ. ಅಂಟುಜಾಡ್ಯದಿಂದ ತೀರಿಕೊಂಡವರಾದರೆ ವೈದ್ಯರ ಮಾತಿನಂತೆ ನಡೆಯಿರಿ. ಉಳಿದಂತೆ ಕೈ ಚೆನ್ನಾಗಿ ತೊಳೆದುಕೊಂಡರೆ ಸಾಕು. ಮೈಮೇಲೊಂದು ಬಟ್ಟೆ ಹೊದಿಸಿಯೇ ತೊಳೆಯಿರಿ. ಮುಸಲ್ಮಾನರ ಮನೆಗಳಲ್ಲಿ ಈ ಮಾನವನ್ನು ಬಹು ನಿಷ್ಠೆಯಿಂದ ಕಾಯುತ್ತಾರೆ. ಹೊಟ್ಟೆ ಒತ್ತಿದರೆ ಮೂತ್ರ ಹೊರಬರುವುದುಂಟು. ಅಡಿಯಲ್ಲಿ ಹಳೆಯ ಬಟ್ಟೆ ಹಾಸಿರಬೇಕು. ಅದನ್ನು ನೋಡಿ ಮಕ್ಕಳು ಹೇಸದಂತೆ ಮೊದಲೇ ಹೇಳುವುದು ಲೇಸು.

ನಮ್ಮಲ್ಲಿ ಅಕ್ಕ ಮೈ ತೊಳೆದಳು, ನಾನು ತಲೆ ಹಿಡಿದುಕೊಂಡೆ. ಎರಡು ವರ್ಷ ಮಲಗಿದಲ್ಲೇ ಇದ್ದವರ ಬೆನ್ನಿನ ಹುಣ್ಣಿಗೆ ನೀರು ತಾಗಿದಾಗ ಅಕ್ಕ, ಉರಿಯುತ್ತದೇನೋ ಎಂಬಂತೆ, ಕೈ ತಡೆದಳು. ತಲೆ ಒರೆಸಿದ ಮೇಲೆ ಬಾಚಣಿಗೆ ಸಿಕ್ಕಲಿಲ್ಲ. ಮನೆಯೆಲ್ಲ ಹುಡುಕಿದೆವು. ಅವರ ದಿಂಬಿನಡಿಯಲ್ಲೇ ಇತ್ತು, ಹಲ್ಲುಗಳಲ್ಲಿ ಎರಡು ಬಿಳಿಯ ಕೂದಲು ಸಿಕ್ಕಿಕೊಂಡು. ಅಕ್ಕ ಅದರಲ್ಲೇ ಬಾಚಿದಳು.