ಅಂತರ್ಜಾಲ, ನಿತ್ಯಜೀವನ ಮತ್ತು ಗಡಿಭಾಗದ ಕನ್ನಡ ಶಾಲೆ



ಶಿರೋಳ ತಾಲೂಕಿನ ದತ್ತವಾಡವು ದೂಧಗಂಗಾ ನದಿಯ ದಂಡೆಯ ಊರು. ಈಚೆಗೆ ಕೊಲ್ಹಾಪುರ ಜಿಲ್ಲೆ. ಆಚೆಗೆ ಬೆಳಗಾವಿ ಜಿಲ್ಲೆಯ ಸದಲಗಾ. ಇಂಥ ಊರುಗಳಲ್ಲಿ ಕನ್ನಡವು ಮನೆಯಲ್ಲಿ, ಹೊಲದಲ್ಲಿ, ಕಟ್ಟೆಯ ಮೇಲೆ ಧಾರಾಳವಾಗಿ ಕೇಳಿಬರುತ್ತದೆ. ಆದರೆ ಬರೆದ ಕನ್ನಡ ಕಣ್ಣಿಗೆ ಬೀಳುವ ಸ್ಥಳಗಳು ಬಹಳ ಕಡಿಮೆ. ತಲಾಠಿ ಕಚೇರಿಯ ಸಾತಬಾರಾ ಉತಾರ, ಗ್ರಾಮಪಂಚಾಯತಿಯ ನೋಟೀಸು, ಸಕ್ಕರೆ ಕಾರಖಾನೆಯ ಬಿಲ್ಲು, ಎಸ್.ಟಿ. ಬಸ್ಸಿನ ಫಲಕ ಇವೆಲ್ಲವೂ ಮರಾಠಿಯಲ್ಲಿರುತ್ತವೆ. ಇದು ದೂರಲ್ಲ, ರಾಜ್ಯಭಾಷೆಯ ವ್ಯವಹಾರದಲ್ಲಿ ಇದು ಸಹಜವೇ. ಆದರೆ ಇದರ ಫಲವಾಗಿ ಕನ್ನಡವನ್ನು ಓದಿ ಬರೆಯಲು ಮಗುವಿಗೆ ಬಹುಕಾಲ ಒಂದೇ ಸ್ಥಳವಿತ್ತು. ಅದು ಶಾಲೆ. ಈಗ ಎರಡನೆಯ ಸ್ಥಳವೊಂದು ತೆರೆದಿದೆ. ಅದು ಮನೆಯಲ್ಲಿರುವ ಮೊಬೈಲು.

ಮೊಬೈಲಿನ ಬಗ್ಗೆ ಸಮಾಜದಲ್ಲಿ ಎರಡು ಅಭಿಪ್ರಾಯಗಳು ಬಲವಾಗಿವೆ. ತಂತ್ರಜ್ಞಾನದ ಅಭಿಮಾನಿಗಳು, ಜಗತ್ತಿನ ಜ್ಞಾನವೆಲ್ಲ ಅಂಗೈಗೆ ಬಂದಿದೆ, ಹಳ್ಳಿಯ ಮಗುವಿಗೂ ನಗರದ ಮಗುವಿಗೂ ಇನ್ನು ಅಂತರವಿಲ್ಲ ಎನ್ನುತ್ತಾರೆ. ಪಾಲಕರಲ್ಲಿ ಅನೇಕರು, ಮೊಬೈಲು ಬಂದಮೇಲೆ ಮಕ್ಕಳ ಓದು ಕೆಟ್ಟಿತು ಎನ್ನುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡರ ಅಡಿಯಲ್ಲಿಯೂ ಒಂದೇ ಊಹೆಯಿದೆ: ಯಂತ್ರ ಕೊಡುತ್ತದೆ, ಮಗು ತೆಗೆದುಕೊಳ್ಳುತ್ತದೆ ಎಂಬುದು. ವಾಸ್ತವವಾಗಿ ಅಂತರ್ಜಾಲವು ಓದುವ ಮತ್ತು ಬರೆಯುವ ಒಂದು ರೂಢಿ. ಯಾರೋ ಬರೆದುದನ್ನೇ ಅಲ್ಲಿ ಇನ್ನೊಬ್ಬರು ಓದುತ್ತಾರೆ. ಯಾರೂ ಬರೆಯದಿದ್ದುದು ಅಲ್ಲಿ ಹುಡುಕಿದರೂ ಸಿಗುವುದಿಲ್ಲ. ಓದು ಬರಹಗಳನ್ನು ಕಲಿಸುವುದು ಶಿಕ್ಷಕರ ವೃತ್ತಿ. ಆದುದರಿಂದ ಈ ವಿಷಯವು ಯಂತ್ರ ಬಲ್ಲವರಿಗಿಂತ ಮೊದಲು ಶಿಕ್ಷಕರಿಗೆ ಸೇರಿದ್ದು.

ಈ ಬದಲಾವಣೆ ಬಂದ ವೇಗವನ್ನು ನೆನೆಯಬೇಕು. 2016ರ ಸೆಪ್ಟೆಂಬರದಲ್ಲಿ ಜಿಯೋ ಸೇವೆ ಆರಂಭವಾದ ನಂತರ ದೇಶದಲ್ಲೆಲ್ಲ ಡೇಟಾ ಅಗ್ಗವಾಯಿತು. 2017ರಲ್ಲಿ ದೀಕ್ಷಾ ವೇದಿಕೆ ಬಂದಿತು. ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಮುದ್ರಣಗೊಂಡವು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಮಹಾರಾಷ್ಟ್ರದಲ್ಲಿ ‘ಶಾಳಾ ಬಂದ, ಪಣ ಶಿಕ್ಷಣ ಆಹೆ’ ಎಂಬ ಉಪಕ್ರಮ ನಡೆಯಿತು. ಅಲ್ಲಿಯವರೆಗೆ ಮನರಂಜನೆಯ ವಸ್ತುವಾಗಿದ್ದ ಮೊಬೈಲು ಒಮ್ಮೆಲೇ ವರ್ಗಕೋಣೆಯಾಯಿತು. ಪುಣೆಯ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಇದು ಸಣ್ಣ ಲಾಭವಲ್ಲ.

ಆದರೂ ಗಡಿಭಾಗದ ಶಿಕ್ಷಕರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಮಹಾರಾಷ್ಟ್ರದ ಪಠ್ಯಕ್ರಮಕ್ಕೆ ಹೊಂದುವ ಸಾಮಗ್ರಿ ಬಹುತೇಕ ಮರಾಠಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿರುವ ಸಾಮಗ್ರಿ ಬಹುತೇಕ ಕರ್ನಾಟಕದ ಪಠ್ಯಕ್ರಮಕ್ಕೆ ಹೊಂದುವಂಥದು. ಅಪೂರ್ಣಾಂಕವನ್ನೋ ಜಲಚಕ್ರವನ್ನೋ ಕಲಿಸಲು ಕರ್ನಾಟಕದ ವಿಡಿಯೋ ಉಪಯೋಗಕ್ಕೆ ಬರುತ್ತದೆ. ಆದರೆ ನಾಲ್ಕನೆಯ ಇಯತ್ತೆಯ ಶಿವಛತ್ರಪತಿಯ ಇತಿಹಾಸಕ್ಕೆ ಅಲ್ಲಿ ಜೊತೆಪಾಠ ಸಿಗುವುದಿಲ್ಲ. ಹೀಗೆ ಭಾಷೆ ಒಂದು ಕಡೆ, ಪಾಠ ಇನ್ನೊಂದು ಕಡೆ ಉಳಿದಾಗ ಎರಡನ್ನೂ ಕೂಡಿಸುವವರು ಶಿಕ್ಷಕರೇ. ಇಲ್ಲದ ಸಾಮಗ್ರಿಯನ್ನು ಯಾರಾದರೂ ಬರೆಯಲೇಬೇಕು. ಬರೆಯುವುದೆಂದರೆ ಕನ್ನಡ ಲಿಪಿಯಲ್ಲಿ ಬರೆಯುವುದು.

ಲಿಪಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಇಂದು ಹುಡುಗರು ಪರಸ್ಪರ ಕಳುಹಿಸುವ ಕನ್ನಡ ಸಂದೇಶಗಳಲ್ಲಿ ಬಹಳಷ್ಟು ರೋಮನ್ ಅಕ್ಷರಗಳಲ್ಲಿರುತ್ತವೆ. ಮಾತು ಕನ್ನಡ, ಅಕ್ಷರ ಇಂಗ್ಲಿಷು. ಹಿರಿಯರಲ್ಲಿಯೂ ಇದೇ ರೂಢಿಯಿದೆ. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿದರೆ ಅದನ್ನು ‘ಬೆಲೆ’ ಎಂದು ಓದಬಹುದು, ‘ಬೆಳೆ’ ಎಂದು ಓದಬಹುದು, ‘ಬೇಳೆ’ ಎಂದೂ ಓದಬಹುದು. ರೈತನ ಮನೆಯಲ್ಲಿ ಈ ಮೂರೂ ಬೇರೆ ಬೇರೆ ವಸ್ತುಗಳು: ಒಂದು ಹೊಲದಲ್ಲಿ ನಿಂತಿರುತ್ತದೆ, ಇನ್ನೊಂದು ಪೇಟೆಯಲ್ಲಿ ನಿರ್ಧಾರವಾಗುತ್ತದೆ, ಮೂರನೆಯದು ಒಲೆಯ ಮೇಲೆ ಬೇಯುತ್ತದೆ. ಬಲ್ಲವರು ಸಂದರ್ಭದಿಂದ ಅರ್ಥ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಕಲಿಯುವ ಮಗುವಿಗೆ ಲಕಾರ ಳಕಾರಗಳ, ನಕಾರ ಣಕಾರಗಳ, ಹ್ರಸ್ವ ದೀರ್ಘಗಳ ಭೇದವೇ ಇನ್ನೂ ಗಟ್ಟಿಯಾಗಿರುವುದಿಲ್ಲ. ವರ್ಗದಲ್ಲಿ ಒಂದು ತಾಸು ತಿದ್ದಿದ ಈ ಭೇದವನ್ನು ಮೊಬೈಲಿನ ರೂಢಿ ದಿನವಿಡೀ ಅಳಿಸುತ್ತಿರುತ್ತದೆ. ಕೆಲವು ವರ್ಷ ಹೀಗೆಯೇ ನಡೆದರೆ ಕನ್ನಡವನ್ನು ಆಡಬಲ್ಲ, ಕೇಳಬಲ್ಲ, ಆದರೆ ಬರೆಯಲಾರದ ಒಂದು ಪೀಳಿಗೆ ಗಡಿಯಲ್ಲಿ ಬೆಳೆಯುತ್ತದೆ. ಆಗ ಕನ್ನಡ ಶಾಲೆಯ ಅಗತ್ಯವೇ ಪ್ರಶ್ನೆಗೆ ಒಳಗಾಗುತ್ತದೆ.

ಕನ್ನಡ ಲಿಪಿಯಲ್ಲಿ ಟೈಪು ಮಾಡುವುದು ಕಷ್ಟವೆಂಬ ಭಾವನೆ ಇದಕ್ಕೆ ಮುಖ್ಯ ಕಾರಣ. ಹಿಂದೆ ಅದು ನಿಜವೂ ಆಗಿತ್ತು. ಒಂದು ಗಣಕದಲ್ಲಿ ಬರೆದ ಕಡತವನ್ನು ಇನ್ನೊಂದರಲ್ಲಿ ತೆರೆದರೆ, ಅದೇ ಫಾಂಟು ಇಲ್ಲದಿದ್ದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಮೊಬೈಲುಗಳೆಲ್ಲ ಅದನ್ನು ಬಳಸತೊಡಗಿದಮೇಲೆ ದತ್ತವಾಡದಲ್ಲಿ ಬರೆದ ಕನ್ನಡವು ದುಬೈಯಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ.

ಕೀಲಿಮಣೆಯ ತೊಡಕನ್ನು ಬಿಡಿಸಿದವರಲ್ಲಿ ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಹೆಸರು ಮೊದಲು ಬರುತ್ತದೆ. ತಂತ್ರಜ್ಞಾನದ ಮೇಲಿನ ಪ್ರೀತಿ ಭಾಷೆಯ ಮೇಲಿನ ಪ್ರೀತಿಯೊಂದಿಗೆ ಕೂಡಿದರೆ ಏನಾಗಬಲ್ಲದು ಎಂಬುದಕ್ಕೆ ಅವರ ಕೆಲಸವೇ ಉದಾಹರಣೆ. ಟೈಪರೈಟರಿನಲ್ಲಿ ಅಕ್ಷರದ ಆಕಾರದ ತುಂಡುಗಳನ್ನು ಜೋಡಿಸಬೇಕಾಗಿತ್ತು. ರಾವ್ ಅವರ ವಿನ್ಯಾಸವು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿಯಿತು: ಮೊದಲು ವ್ಯಂಜನ, ಅನಂತರ ಸ್ವರ. ‘ಎಲ್’ ಕೀಲಿಯನ್ನು ಒತ್ತಿದರೆ ‘ಲ’, ಶಿಫ್ಟ್ ಹಿಡಿದು ಒತ್ತಿದರೆ ‘ಳ’. ಕರ್ನಾಟಕ ಸರಕಾರವೂ ಈ ವಿನ್ಯಾಸವನ್ನೇ ಅಂಗೀಕರಿಸಿತು. ‘ನುಡಿ’ ತಂತ್ರಾಂಶದಲ್ಲಿ ಇಂದು ಬಳಕೆಯಲ್ಲಿರುವುದು ಅದೇ.

ಇದರಲ್ಲಿ ಶಿಕ್ಷಕರಿಗೆ ಸಂತೋಷ ಕೊಡುವ ಸಂಗತಿಯೊಂದಿದೆ. ಗಣಕವು ಕನ್ನಡವನ್ನು ಒಳಗೆ ಇಟ್ಟುಕೊಳ್ಳುವ ಕ್ರಮವೂ ಕಾಗುಣಿತ ಕಲಿಸುವ ಕ್ರಮವೂ ಒಂದೇ. ‘ಕಿ’ ಎಂಬುದು ಅದರೊಳಗೆ ‘ಕ’ ಮತ್ತು ಗುಡಿಸು. ‘ಕ್ಷ’ ಎಂಬುದು ಕಕಾರ, ಹಲಂತ, ಷಕಾರ. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಅರ್ಕಾವತ್ತು ಕೊನೆಗೆ ಬರುತ್ತದೆ. ಮಗು ಅಲ್ಲಿಯೇ ತಪ್ಪುತ್ತದೆ. ಟೈಪು ಮಾಡುವಾಗ ಉಚ್ಚಾರದಂತೆ ರಕಾರ ಮೊದಲು, ಯಕಾರ ನಂತರ. ಒತ್ತಕ್ಷರವನ್ನು ಬಿಡಿಸಿ ಹೇಳಬಲ್ಲ ಮಗು ಅದನ್ನು ಟೈಪು ಮಾಡಬಲ್ಲದು; ಟೈಪು ಮಾಡಿ ರೂಢಿಯಾದ ಮಗುವಿಗೆ ಸಂಯುಕ್ತಾಕ್ಷರದ ರಚನೆ ತಾನಾಗಿ ತಿಳಿಯುತ್ತದೆ. ಕಾಗುಣಿತದ ಪಾಠಕ್ಕೆ ಮೊಬೈಲು ವೈರಿಯಾಗಬೇಕಿಲ್ಲ.

ಹೀಗಾಗಿ ಮಾಡಬೇಕಾದ ಮೊದಲ ಕೆಲಸ ಸರಳವಾಗಿದೆ. ಶಿಕ್ಷಕರು ತಮ್ಮ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಳ್ಳಬೇಕು. ಶಾಲೆಯ ಪಾಲಕರ ಗುಂಪಿಗೆ ಹೋಗುವ ಸೂಚನೆಗಳು ಕನ್ನಡ ಲಿಪಿಯಲ್ಲಿಯೇ ಹೋಗಬೇಕು. ಐದನೆಯ ಇಯತ್ತೆಯ ಮೇಲಿನ ಮಕ್ಕಳಿಗೆ ವಾರಕ್ಕೊಮ್ಮೆ ಐದು ವಾಕ್ಯಗಳ ಬರಹವನ್ನು ಪಾಲಕರ ಮೊಬೈಲಿನಿಂದ, ಪಾಲಕರ ಎದುರಿನಲ್ಲಿಯೇ, ಕನ್ನಡದಲ್ಲಿ ಬರೆದು ಕಳುಹಿಸಲು ಹೇಳಬಹುದು. ಮನೆಯಲ್ಲಿ ಮೊಬೈಲು ಇಲ್ಲದ ಮಗುವಿಗೆ ಶಾಲೆಯಲ್ಲಿಯೇ ಸರದಿ ಕೊಡಬೇಕು. ಮಗುವಿನ ಫೋಟೋ, ಪೂರ್ಣ ಹೆಸರು, ಫೋನ್ ಸಂಖ್ಯೆಗಳು ಯಾವ ಕಾರಣಕ್ಕೂ ಸಾರ್ವಜನಿಕ ಸ್ಥಳಕ್ಕೆ ಹೋಗಬಾರದು.

ಬರಹದಷ್ಟೇ ಮುಖ್ಯವಾದುದು ಓದು. ಮೊಬೈಲಿನ ಓದಿನಲ್ಲಿ ತಪ್ಪಿದರೆ ಜೀವಗಳೇ ಹೋಗುತ್ತವೆ ಎಂಬುದಕ್ಕೆ 2018ರ ವರ್ಷ ಸಾಕ್ಷಿ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ಅನೇಕ ರಾಜ್ಯಗಳಲ್ಲಿ ಹರಡಿತು. ಜುಲೈ 1ರಂದು ಧುಳೆ ಜಿಲ್ಲೆಯ ರಾಈನಪಾಡಾದಲ್ಲಿ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಜನರ ಗುಂಪು ಹೊಡೆದು ಕೊಂದಿತು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಹತನಾದನು; ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಕಾರಣವಾಯಿತು. ಒಂದು ಘಟನೆ ಮಹಾರಾಷ್ಟ್ರದ್ದು, ಇನ್ನೊಂದು ಕರ್ನಾಟಕದ್ದು. ಆ ದಿನಗಳಲ್ಲಿ ಹರಿದಾಡಿದ ಒಂದು ವಿಡಿಯೋ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿಯ ಚಿತ್ರವಾಗಿತ್ತು. ಅದರ ಕೊನೆಯಲ್ಲಿ ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಭಾಗವಿತ್ತು. ಆ ಭಾಗವನ್ನು ಕತ್ತರಿಸಿ ಉಳಿದುದನ್ನು ಹಂಚಲಾಗಿತ್ತು. ಅದೇ ಜುಲೈ ತಿಂಗಳಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೆ ಕಳುಹಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಯಂತ್ರದಿಂದ ಇಷ್ಟು ಸಾಧ್ಯ. ಪಾಠದ ಕೊನೆಯನ್ನು ಓದದೆ ಅರ್ಥ ಹೇಳಬಾರದೆಂಬ ಶಿಸ್ತನ್ನು ಕಲಿಸಬಲ್ಲುದು ಶಾಲೆ ಮಾತ್ರ.

ಈ ಶಿಸ್ತನ್ನು ಊರಿನ ಅನುಭವದಿಂದಲೇ ಕಲಿಸಬಹುದು. ಮಹಾಪೂರವೆಂದರೆ ಏನೆಂಬುದನ್ನು ಶಿರೋಳ ತಾಲೂಕಿಗೆ ಹೇಳಿಕೊಡಬೇಕಾಗಿಲ್ಲ. 2005, 2019, 2021 ಈ ವರ್ಷಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಕ್ಷಣಕ್ಷಣಕ್ಕೂ ಮೊಬೈಲಿಗೆ ಬರುತ್ತದೆ. ಅಂಥ ಸಂದೇಶವನ್ನು ಓದಲು ಭೂಗೋಳ ಬೇಕು: ಕಾಳಮ್ಮವಾಡಿಯ ನೀರು ದೂಧಗಂಗೆಗೆ ಬರುತ್ತದೆ, ರಾಧಾನಗರಿಯ ನೀರು ಭೋಗಾವತಿಯಿಂದ ಪಂಚಗಂಗೆಗೆ ಸೇರಿ ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗಣಿತವೂ ಬೇಕು: ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರು; ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹೀಗಿರುವಾಗ ರಾಧಾನಗರಿಯಿಂದ ದಿನವಿಡೀ ಒಂದು ಲಕ್ಷ ಕ್ಯೂಸೆಕ್ ಬಿಡುತ್ತಿದ್ದಾರೆಂಬ ಸಂದೇಶ ಬಂದಿತೆಂದು ಭಾವಿಸೋಣ. ದಿನಕ್ಕೆ 86,400 ಸೆಕೆಂಡುಗಳು, ಗುಣಿಸಿದರೆ 8.64 ಟಿಎಂಸಿ. ರಾಧಾನಗರಿಯ ಒಟ್ಟು ಸಾಮರ್ಥ್ಯವೇ 8.36 ಟಿಎಂಸಿ. ಏಳನೆಯ ಇಯತ್ತೆಯ ಮಗು ಫಲಕದ ಮೇಲೆ ಈ ಲೆಕ್ಕ ಮಾಡಿದರೆ ಸಂದೇಶವು ನಂಬತಕ್ಕದ್ದಲ್ಲವೆಂದು ಅದಕ್ಕೇ ತಿಳಿಯುತ್ತದೆ. ಬಳಿಕ ಮೂರು ಪ್ರಶ್ನೆ ಕೇಳಿಸಬೇಕು: ಇದನ್ನು ಹೇಳಿದವರು ಯಾರು? ಹೇಳಿದ ದಿನ, ವೇಳೆ ಯಾವುದು? ಸಂಬಂಧಪಟ್ಟ ಕಚೇರಿಯ ಪ್ರಕಟಣೆಯಲ್ಲಿ ಹೀಗೆಯೇ ಇದೆಯೇ? ಸಂದೇಶದ ಮೇಲೆ ಎರಡು ಬಾಣಗಳ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದೆಂದು ಮಕ್ಕಳಿಗೆ ತೋರಿಸಿಕೊಡಬೇಕು.

ಇಲ್ಲಿಯೇ ಗಡಿಭಾಗದ ಮಗುವಿನ ಶಕ್ತಿ ಕಾಣುತ್ತದೆ. ಕೊಯ್ನೆಯ ಮತ್ತು ರಾಧಾನಗರಿಯ ಪ್ರಕಟಣೆ ಮರಾಠಿಯಲ್ಲಿ ಬರುತ್ತದೆ. ಆಲಮಟ್ಟಿಯ ಸುದ್ದಿ ಕನ್ನಡದಲ್ಲಿ ಬರುತ್ತದೆ. ಒಂದೇ ನದಿಯ ನೀರಿನ ಬಗ್ಗೆ ಎರಡು ರಾಜ್ಯಗಳ ಮಾತನ್ನೂ ಮೂಲದಲ್ಲಿಯೇ ಓದಿ ಹೋಲಿಸಬಲ್ಲವರು ಪುಣೆಯಲ್ಲಿಯೂ ವಿರಳ, ಬೆಂಗಳೂರಿನಲ್ಲಿಯೂ ವಿರಳ. ಶಿರೋಳದ ಕನ್ನಡ ಶಾಲೆಯ ಮಗುವಿಗೆ ಎರಡೂ ಲಿಪಿಗಳು ಬರುತ್ತವೆ. ಎರಡು ಭಾಷೆ ಕಲಿಯುವುದು ಹೊರೆಯೆಂದು ಹೇಳುವ ಪಾಲಕರಿಗೆ ಈ ಒಂದು ಉದಾಹರಣೆ ಸಾಕು.

ಕೊನೆಯದಾಗಿ, ಓದಿ ಪರೀಕ್ಷಿಸಲು ಕಲಿತವರು ಬರೆದು ಕೊಡಲೂ ಕಲಿಯಬೇಕು. ಕನ್ನಡ ವಿಕಿಪೀಡಿಯಾ ಮತ್ತು ಮರಾಠಿ ವಿಕಿಪೀಡಿಯಾ ಎರಡೂ 2003ರಲ್ಲಿಯೇ ಆರಂಭವಾದವು. ಇಂದು ಕನ್ನಡದಲ್ಲಿ 30,000ಕ್ಕೂ ಮಿಕ್ಕಿ ಲೇಖನಗಳಿವೆ. ಮರಾಠಿಯ ಸಂಖ್ಯೆ ಅದರ ಇಮ್ಮಡಿಗಿಂತಲೂ ಹೆಚ್ಚು. ವ್ಯತ್ಯಾಸಕ್ಕೆ ಕಾರಣ ಯಂತ್ರವಲ್ಲ; ಬರೆಯುವ ಕೈಗಳ ಸಂಖ್ಯೆ. ರಂಟೆ, ಕುಂಟೆ, ಕೂರಿಗೆಗಳ ಭಾಗಗಳಿಗೆ ಈ ಸೀಮೆಯ ಹೆಸರುಗಳೇನು, ಇಚಲಕರಂಜಿಯ ಮಗ್ಗದ ಕೆಲಸಗಾರರು ಹಾಸು, ಹೊಕ್ಕು, ಲಾಳಿಗಳನ್ನು ಯಾವ ಮಾತಿನಲ್ಲಿ ಕರೆಯುತ್ತಾರೆ ಎಂಬುದು ಅಜ್ಜ ಅಜ್ಜಿಯರಿಗೆ ಗೊತ್ತಿದೆ, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಮಕ್ಕಳು ಕೇಳಿ ಬರೆದುಕೊಂಡು ಬಂದರೆ ಅದೊಂದು ಭಾಷಾಪಾಠ. ಶಿಕ್ಷಕರು ಅದನ್ನು ಹೇಳಿದವರ ಊರು, ಬರೆದ ದಿನಾಂಕಗಳೊಂದಿಗೆ ಶಾಲೆಯ ಒಂದು ಕಡತದಲ್ಲಿ ಯುನಿಕೋಡಿನಲ್ಲಿ ಕೂಡಿಟ್ಟರೆ ಮುಂದೆ ಕೋಶ ಮಾಡುವವರಿಗೆ ಅದೇ ಆಧಾರವಾಗುತ್ತದೆ.

ದೊಡ್ಡ ಯೋಜನೆಗಾಗಿ ಕಾಯುವ ಅಗತ್ಯವಿಲ್ಲ. ಬರುವ ಸೋಮವಾರ ಪ್ರಾರ್ಥನೆಯ ನಂತರ ಪಾಲಕರಿಗೆ ಒಂದು ಸೂಚನೆ ಕಳುಹಿಸುವ ಪ್ರಸಂಗ ಬಂದೇ ಬರುತ್ತದೆ. ಅದನ್ನು ಕನ್ನಡ ಅಕ್ಷರಗಳಲ್ಲಿ, ಲಕಾರ ಳಕಾರಗಳು ತಪ್ಪದಂತೆ ಬರೆದು ಕಳುಹಿಸಿದರೆ ಕೆಲಸ ಆರಂಭವಾದಂತೆ. ಆ ಸೂಚನೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಶಾಲೆಯ ಮಗುವೇ ಆಗಿರುತ್ತದೆ.