ಹಾನ್ಲೆಯ ಇರುಳು

ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತ ಖಗೋಳವಿಜ್ಞಾನಿ ಆಜ್ಞೆ ಕೊಟ್ಟರೆ, ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ೪,೫೦೦ ಮೀಟರು ಎತ್ತರದ ಬೆಟ್ಟದ ನೆತ್ತಿಯಲ್ಲಿ, ಎರಡು ಮೀಟರು ಅಗಲದ ಕನ್ನಡಿಯುಳ್ಳ ದೂರದರ್ಶಕವೊಂದು ತಿರುಗುತ್ತದೆ. ೨೦೦೦ದಲ್ಲಿ ಮೊದಲ ಬೆಳಕು ಕಂಡ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಮೂಲಕ ಹೀಗೆ ನಡೆಸುತ್ತಾರೆ. ವಿಜ್ಞಾನಿಗೆ ಅಲ್ಲಿಯ ಚಳಿ ತಾಗದು. ಬೇಕೆನಿಸಿದರೆ ಕಾಫಿಯನ್ನೂ ಕುಡಿಯಬಹುದು. ಆದರೆ ತನ್ನ ಕಣ್ಣಿನಿಂದಲೇ ಆಕಾಶವನ್ನು ನೋಡಬೇಕೆಂಬ ಹವ್ಯಾಸಿಗೆ ಆ ಭಾಗ್ಯವಿಲ್ಲ. ಅವನು ಹಾನ್ಲೆಗೇ ಹೋಗಿ ಬಯಲಲ್ಲಿ ನಿಲ್ಲಬೇಕು.

ಹಾನ್ಲೆಯೂ ಮರುಭೂಮಿಯೇ. ಮಳೆಯ ಮೋಡಗಳನ್ನು ಹಿಮಾಲಯ ತಡೆದುಬಿಡುವುದರಿಂದ, ವರ್ಷದ ಮಳೆ ಹಿಮವೆಲ್ಲ ಸೇರಿದರೂ ಹತ್ತು ಸೆಂಟಿಮೀಟರು ಆಗುವುದು ಕಷ್ಟ. ಗಾಳಿಯಲ್ಲಿ ತೇವವಿಲ್ಲ, ಹಗಲು ನೆಲ ಕುಡಿದ ಬಿಸಿಲನ್ನು ಇರುಳು ಹಿಡಿದಿಡಲು ಮೋಡದ ಹೊದಿಕೆಯೂ ಇಲ್ಲ. ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ ೨೦ ಡಿಗ್ರಿ ಕೆಳಗಿಳಿಯುವುದುಂಟು. ಆಕಾಶವನ್ನು ನಿರ್ಮಲವಾಗಿಡುವ ಒಣಗಾಳಿಯೇ ನೋಡುವವನನ್ನು ನಡುಗಿಸುತ್ತದೆ.

ಇಂಥ ಕಡೆ ನೋಡುವುದಕ್ಕೂ ಒಂದು ಕ್ರಮವಿದೆ. ದೂರದರ್ಶಕವನ್ನು ಸಂಜೆಯೇ ಹೊರಗಿಡಬೇಕು. ಕನ್ನಡಿ ಕೋಣೆಯ ಬಿಸಿಯನ್ನು ಕಳೆದುಕೊಳ್ಳುವ ತನಕ ಕೊಳವೆಯೊಳಗಿನ ಗಾಳಿ ಕದಡಿ, ಗುರುಗ್ರಹದ ಪಟ್ಟೆಗಳು ಹರಿಯುವ ನೀರಿನ ತಳದಲ್ಲಿದ್ದಂತೆ ಅಲುಗುತ್ತವೆ. ಉಸಿರು ಮಸೂರದ ಮೇಲೆ ಬಿದ್ದರೆ ಹೆಪ್ಪುಗಟ್ಟುತ್ತದೆ; ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡಬೇಕು. ಬ್ಯಾಟರಿ ಚಳಿಗೆ ಸೋಲುವುದರಿಂದ ಅದನ್ನು ಕೋಟಿನ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಕೈಗವಸು ಹಾಕಿದರೆ ತಿರುಪು ಸಿಕ್ಕದು, ತೆಗೆದರೆ ಬೆರಳು ಮರಗಟ್ಟುತ್ತದೆ. ಇದಕ್ಕೆ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಂತಿಲ್ಲ! ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಇರುಳುನೋಟವೂ ಮಂಕಾಗುತ್ತದೆ. ಆದ್ದರಿಂದ ಲೇಹದಲ್ಲಿ ಕೆಲವು ದಿನ ತಂಗಿ, ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಂಡೇ ಮುಂದೆ ಹೋಗಬೇಕು.

ಇಷ್ಟು ಕಷ್ಟಪಟ್ಟವನಿಗೆ ಮೊದಲು ಆಗುವುದು ಗಲಿಬಿಲಿ. ನಕ್ಷತ್ರಗಳು ಅಷ್ಟೊಂದು ಕಿಕ್ಕಿರಿದು ತೋರುವುದರಿಂದ, ಊರಿನಲ್ಲಿ ಥಟ್ಟನೆ ಗುರುತಿಸುತ್ತಿದ್ದ ನಕ್ಷತ್ರಪುಂಜಗಳೇ ಜಂಗುಳಿಯಲ್ಲಿ ತಪ್ಪಿಸಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ದಿಗಂತದಿಂದ ೧೩ ಡಿಗ್ರಿ ಮೇಲಿರುವ ಧ್ರುವತಾರೆ ಅಲ್ಲಿ ೩೩ ಡಿಗ್ರಿಯಷ್ಟು ಎತ್ತರದಲ್ಲಿದೆ. ನಮಗೆ ಚೆನ್ನಾಗಿ ಕಾಣುವ ಅಗಸ್ತ್ಯ ನಕ್ಷತ್ರವಾದರೋ ನಾಲ್ಕೈದು ಡಿಗ್ರಿಗಿಂತ ಮೇಲೇರದು. ದಕ್ಷಿಣದಲ್ಲಿ ಬೆಟ್ಟ ಅಡ್ಡವಿದ್ದರೆ ಕಾಣುವುದೇ ಇಲ್ಲ. ವಿಂಧ್ಯವನ್ನು ದಾಟಿ ಇತ್ತ ಬಂದ ಋಷಿಯ ಹೆಸರು ಅದಕ್ಕೆ ಒಪ್ಪುವಂಥದೇ. ೨೫ ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯನ್ನು ಯಂತ್ರವಿಲ್ಲದೆ ಬರಿಗಣ್ಣಿನಿಂದಲೇ ನೋಡಬಹುದು.

ಆ ಕತ್ತಲು ತಾನಾಗಿ ಉಳಿದದ್ದಲ್ಲ, ನೋಡಿ. ೨೦೨೨ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತ ಸುಮಾರು ಸಾವಿರ ಚದರ ಕಿಲೋಮೀಟರನ್ನು ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಸಾರಲಾಯಿತು. ಬೀದಿಯ ದೀಪಗಳಿಗೆ ಮೇಲಿನಿಂದ ಮರೆ, ಕಿಟಕಿಗಳಿಗೆ ದಪ್ಪ ಪರದೆ; ಇದನ್ನು ನಡೆಸಿಕೊಂಡು ಬರಬೇಕಾದವರು ಹಳ್ಳಿಯವರೇ. ವಿದ್ಯುತ್ತು ಬಂದ ಹಳ್ಳಿಗೆ ಬೆಳಕನ್ನು ಅಂಕೆಯಲ್ಲಿಡಿ ಎಂದು ಹೇಳುವುದು ಸಣ್ಣ ಮಾತಲ್ಲ. ಅದಕ್ಕೆ ಪ್ರತಿಯಾಗಿ ಊರಿನ ಯುವಕ ಯುವತಿಯರಿಗೆ ದೂರದರ್ಶಕಗಳನ್ನು ಕೊಟ್ಟು ತರಬೇತಿ ಮಾಡಿದ್ದಾರೆ; ಅತಿಥಿಗಳಿಗೆ ಆಕಾಶ ತೋರಿಸಿ ಅವರು ಸಂಪಾದಿಸುತ್ತಾರೆ. ೨೦೨೩ರಿಂದ ಹವ್ಯಾಸಿಗಳ ಕೂಟಗಳೂ ಅಲ್ಲಿ ನಡೆದಿವೆ.

ತೊಡಕು ಇರುವುದು ಇಲ್ಲಿಯೇ. ಕತ್ತಲನ್ನು ಅರಸಿ ಬರುವವರು ಕಾರುಗಳಲ್ಲಿ ಬರುತ್ತಾರೆ. ತಿರುವಿನಲ್ಲಿ ಒಂದು ಕಾರಿನ ದೀಪ ಹಾಯ್ದರೆ ಸಾಕು, ಬಯಲಲ್ಲಿ ನಿಂತ ಅಷ್ಟೂ ಜನ ಅರ್ಧ ಗಂಟೆ ಕಾದು ಪಡೆದ ನೋಟ ಹಾಳು. ಆದ್ದರಿಂದ ಹೋಗುವವರು ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಆರಿಸಿಕೊಂಡು, ಸೂರ್ಯ ಮುಳುಗುವ ಮೊದಲೇ ಹಳ್ಳಿ ಸೇರಿ, ಬೆಳಗಾಗುವ ತನಕ ಕಾರನ್ನು ಕದಲಿಸದಿರುವುದು ಒಳ್ಳೆಯದು.